ವಾರಕ್ಕೊಮ್ಮೆ ನೀರು ಅನ್ನೋ ಲೆಕ್ಕ ಬಿಡಿ: ಸಕ್ಯುಲೆಂಟ್‌ಗೆ ಎರಿ ಹೊಲದ ‘ಹಸಿ’ ಪಾಠ

ಆನ್‌ಲೈನ್‌ನಲ್ಲಿ ಸಕ್ಯುಲೆಂಟ್ ತರಿಸಿದ್ರೆ ಡಬ್ಬಿಯೊಳಗೆ ಒಂದು ಪುಟ್ಟ ಚೀಟಿ ಇರುತ್ತೆ: ‘ವಾರಕ್ಕೊಮ್ಮೆ ನೀರು ಹಾಕಿ’. ಬೆಂಗಳೂರಿನ ಅಪಾರ್ಟ್‌ಮೆಂಟ್‌ನ ನಾಲ್ಕನೇ ಮಹಡಿಗೂ ಅದೇ ಚೀಟಿ, ಬನಹಟ್ಟಿ ಹತ್ತಿರದ ನಮ್ಮ ಚಿಮ್ಮಡದ ಪಡಸಾಲೆಗೂ ಅದೇ ಚೀಟಿ. ಒಂದು ಕಡೆ ಮೇ ತಿಂಗಳಲ್ಲೂ ಸಂಜೆಗೆ ತಂಪು ಗಾಳಿ, ಇನ್ನೊಂದು ಕಡೆ 40 ಡಿಗ್ರಿ ಬಿಸಿಲು. ಎರಡಕ್ಕೂ ಒಂದೇ ಲೆಕ್ಕ ಹೇಗೆ ಹೊಂದುತ್ತೆ?

ಹೊಂದಲ್ಲ. ಆದ್ರೂ ನಾವು ಫೋನಿನಲ್ಲಿ ಪ್ರತಿ ಭಾನುವಾರಕ್ಕೆ ರಿಮೈಂಡರ್ ಇಡ್ತೀವಿ, ಗಂಟೆ ಹೊಡೆದಾಗ ನೀರು ಸುರೀತೀವಿ. ಎರಡು ತಿಂಗಳಲ್ಲಿ ಗಿಡದ ಬುಡ ಕಪ್ಪಾಗುತ್ತೆ. ಮನೆಯೊಳಗಿನ ಸಕ್ಯುಲೆಂಟ್‌ಗಳಲ್ಲಿ ನೀರಿಲ್ಲದೆ ಸಾಯೋವು ಕಡಿಮೆ, ಪ್ರೀತಿ ಹೆಚ್ಚಾಗಿ ಕೊಳೆಯೋವೇ ಜಾಸ್ತಿ.

ನಮ್ಮೂರ ಕಡೆ ಹೊಲಕ್ಕೆ ನೀರು ಬಿಡೋರು ವಾರ ಎಣಿಸಲ್ಲ. ಮಣ್ಣು ಕೆದರಿ, ಕೈಗೆ ತಗೊಂಡು, ಮುಷ್ಟಿಯಲ್ಲಿ ಹಿಚುಕಿ ನೋಡ್ತಾರೆ. ಉಂಡೆ ಆದ್ರೆ ‘ಇನ್ನೂ ಹಸಿ ಐತಿ, ಈಗ್ಯಾಕ ನೀರ?’ ಅಂತಾರೆ. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ, ಅವರದು ಟೈಮರ್ ನೋಡಿ ಓಡೋ ಪ್ರೋಗ್ರಾಂ ಅಲ್ಲ, ಸೆನ್ಸರ್ ನೋಡಿ ಓಡೋ ಪ್ರೋಗ್ರಾಂ. ಕಿಟಕಿ ಪಕ್ಕದ ನಾಲ್ಕಿಂಚಿನ ಕುಂಡಕ್ಕೂ ಬೇಕಾಗಿರೋದು ಅದೇ.

ನೆಲ ಟಾಕಿಯೋ, ಎಲೆ ಟಾಕಿಯೋ?

ಬಾಗಲಕೋಟೆ ಜಿಲ್ಲೆ ಉತ್ತರ ಒಣ ವಲಯಕ್ಕೆ ಸೇರಿದ್ದು. ಮಳೆ ಕಡಿಮೆ, ಅದರಲ್ಲೂ ಹೆಚ್ಚಿನ ಪಾಲು ಬರೋದು ಸೆಪ್ಟೆಂಬರ್ ಆಸುಪಾಸು. ಆದ್ರೂ ಇಲ್ಲಿ ಹಿಂಗಾರಿ ಬಿಳಿಜೋಳ ಬೆಳೆಯುತ್ತೆ. ಸೆಪ್ಟೆಂಬರ್-ಅಕ್ಟೋಬರಲ್ಲಿ ಬಿತ್ತಿದ ಜೋಳ ಆಮೇಲೆ ದೊಡ್ಡ ಮಳೆ ಕಾಣದೇನೇ ತೆನೆ ಹಿಡಿದು ನಿಲ್ಲುತ್ತೆ. ಗುಟ್ಟು ಎರಿ ಮಣ್ಣಿನಲ್ಲಿದೆ. ಇದರಲ್ಲಿ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ ಹೆಚ್ಚು. ಅದು ನೀರು ಕುಡಿದು ಉಬ್ಬುತ್ತೆ, ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತೆ, ಬೇಸಿಗೆಯಲ್ಲಿ ಕುಗ್ಗಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತೆ. ಅಂದ್ರೆ ಜೋಳಕ್ಕೆ ನೆಲವೇ ನೀರಿನ ಟಾಕಿ.

ಸಕ್ಯುಲೆಂಟ್ ಬಂದಿದ್ದು ಇದರ ಉಲ್ಟಾ ಜಾಗದಿಂದ. ಎಚೆವೇರಿಯಾ ಮೆಕ್ಸಿಕೋದ ಗುಡ್ಡಗಳದ್ದು, ಜೇಡ್ ಮತ್ತು ಹವೋರ್ಥಿಯಾ ದಕ್ಷಿಣ ಆಫ್ರಿಕಾದವು. ಅಲ್ಲಿನ ಕಲ್ಲು-ಗರಸಿನ ನೆಲದಲ್ಲಿ ಮಳೆ ಬಂದ್ರೆ ನೀರು ನಿಲ್ಲಲ್ಲ, ಸರ‍್ರಂತ ಇಳಿದುಹೋಗುತ್ತೆ. ನೆಲ ನೀರು ಕೂಡಿಡಲ್ಲ ಅಂತ ಗಿಡವೇ ಎಲೆ, ಕಾಂಡಗಳಲ್ಲಿ ಕೂಡಿಟ್ಟುಕೊಂಡಿತು. ಇಲ್ಲಿ ಎಲೆಯೇ ಟಾಕಿ.

ಇದಿಷ್ಟು ಅರ್ಥವಾದ್ರೆ ಮುಂದಿನದೆಲ್ಲ ಸಲೀಸು. ಟಾಕಿ ನೆಲದಲ್ಲಿರಬೇಕು, ಇಲ್ಲಾ ಎಲೆಯಲ್ಲಿರಬೇಕು. ಎಲೆಯಲ್ಲೂ ನೀರು, ಸುತ್ತಲಿನ ಮಣ್ಣಲ್ಲೂ ನೀರು ಅಂದ್ರೆ ಬೇರಿಗೆ ಉಸಿರು ಕಟ್ಟುತ್ತೆ.

ರಾತ್ರಿ ಬಾಗಿಲು ತೆರೆಯೋ ಗಿಡ

ಸಾಮಾನ್ಯ ಗಿಡಗಳು ಹಗಲು ಹೊತ್ತು ಎಲೆಯ ಪತ್ರರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆ ತಗೊಳ್ತವೆ. ಬಾಗಿಲು ತೆರೆದಾಗ ಒಳಗಿನ ನೀರು ಆವಿಯಾಗಿ ಹೊರಗೆ ಹೋಗುತ್ತೆ. ಬಹುಪಾಲು ಸಕ್ಯುಲೆಂಟ್‌ಗಳು ಹಗಲು ಬಾಗಿಲು ಹಾಕ್ಕೊಂಡು ಕೂತು, ತಂಪಾದ ರಾತ್ರಿ ತೆಗೀತವೆ. ಒಳಗೆ ಬಂದ ಅನಿಲವನ್ನ ಮ್ಯಾಲಿಕ್ ಆಮ್ಲದ ರೂಪದಲ್ಲಿ ಶೇಖರಿಸಿಟ್ಟು, ಮರುದಿನ ಬಿಸಿಲು ಬಂದಾಗ ಅದನ್ನೇ ಬಳಸಿ ಆಹಾರ ತಯಾರಿಸ್ತವೆ. ಈ ವ್ಯವಸ್ಥೆಗೆ ವಿಜ್ಞಾನಿಗಳು ಇಟ್ಟ ಚುಟುಕು ಹೆಸರು ‘ಕ್ಯಾಮ್’.

ಇದಕ್ಕೂ ಕರ್ನಾಟಕಕ್ಕೂ ಒಂದು ಹಳೇ ನಂಟಿದೆ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕೆಲವು ಕಾಲ ಲಾಲ್‌ಬಾಗ್‌ನ ಉಸ್ತುವಾರಿ ನೋಡಿಕೊಂಡವನು ಬೆಂಜಮಿನ್ ಹೈನ್ ಅನ್ನೋ ಸಸ್ಯಶಾಸ್ತ್ರಜ್ಞ. ನಾವು ಕಾಡುಬಸಳೆ ಅಂತ ಕರೆಯೋ ಗಿಡದ ಎಲೆಯನ್ನ ಅವನು ಬಾಯಲ್ಲಿಟ್ಟು ನೋಡಿದ. ಬೆಳಿಗ್ಗೆ ಹುಳಿ ಹುಳಿ, ಹೊತ್ತೇರಿದಂತೆ ಹುಳಿ ಮಾಯ. ಈ ವಿಚಿತ್ರವನ್ನ ಅವನು ಬರೆದ ಪತ್ರ 1815ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಸಂಚಿಕೆಯಲ್ಲಿ ಅಚ್ಚಾಯ್ತು. ರಾತ್ರಿ ಕೂಡಿಟ್ಟ ಆಮ್ಲವನ್ನ ಗಿಡ ಹಗಲು ಖರ್ಚು ಮಾಡುತ್ತೆ ಅನ್ನೋದರ ಮೊದಮೊದಲ ಸುಳಿವುಗಳಲ್ಲಿ ಇದೂ ಒಂದು.

ನಮಗೆ ಇದರಿಂದ ಏನು? ಎರಡು ವಿಷಯ. ಒಂದು, ಈ ಗಿಡ ನೀರು ಖರ್ಚು ಮಾಡೋದೇ ನಿಧಾನ, ಹಾಗಾಗಿ ಪಕ್ಕದ ಮನಿ ಪ್ಲಾಂಟ್ ಜೊತೆ ಇದಕ್ಕೂ ಒಂದು ಲೋಟ ಅನ್ನೋದು ಸರಿಯಲ್ಲ. ಎರಡು, ಇದಕ್ಕೆ ತಂಪು ರಾತ್ರಿ ಬೇಕು. ರಾತ್ರಿಯೂ ಸೆಕೆ ಇದ್ರೆ ಎಚೆವೇರಿಯಾದಂಥವು ಬೆಳವಣಿಗೆ ನಿಲ್ಲಿಸಿ ಸುಮ್ಮನೆ ಕೂತುಬಿಡ್ತವೆ. ಹಾಗೆ ಕೂತ ಗಿಡ ನೀರು ಎಳೆಯಲ್ಲ. ಏಪ್ರಿಲ್-ಮೇನಲ್ಲಿ ‘ಪಾಪ, ಬಿಸಿಲು’ ಅಂತ ಸುರಿದ ನೀರೇ ಅದಕ್ಕೆ ಕುತ್ತಾಗೋದು ಹೀಗೆ.

ಬೇರು ಯಾಕೆ ಕೊಳೆಯುತ್ತೆ?

ಬೇರೂ ಉಸಿರಾಡುತ್ತೆ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿರೋ ಗಾಳಿಯಿಂದ ಆಮ್ಲಜನಕ ತಗೊಳ್ಳುತ್ತೆ. ಆ ಸಂದಿಗೆಲ್ಲ ನೀರು ತುಂಬಿದ್ರೆ ಆಮ್ಲಜನಕ ನೀರಿನ ಮೂಲಕವೇ ಹರಿದು ಬರಬೇಕು. ಗಾಳಿಯಲ್ಲಿ ಸಾಗೋದಕ್ಕೆ ಹೋಲಿಸಿದ್ರೆ ನೀರಲ್ಲಿ ಅದರ ವೇಗ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಒಂದೆರಡು ದಿನ ಆದ್ರೆ ತಡೀಬಹುದು. ವಾರಗಟ್ಟಲೆ ಹೀಗೇ ಇದ್ರೆ ಬೇರಿನ ಜೀವಕೋಶ ಸಾಯುತ್ತೆ. ಪಿಥಿಯಂ, ಫೈಟಾಫ್ತೊರಾದಂಥ, ಬೂಷ್ಟಿನ ಹಾಗೆ ಹಬ್ಬೋ ಜೀವಿಗಳು ಇದೇ ಸಮಯಕ್ಕೆ ಕಾದು ಕೂತಿರ್ತವೆ.

ಅಂದ್ರೆ ತೊಂದರೆ ಒಂದು ಸಲ ಹಾಕಿದ ನೀರಿನ ಪ್ರಮಾಣದ್ದಲ್ಲ. ಮಣ್ಣು ಎಷ್ಟು ದಿನ ಒದ್ದೆ ಇರುತ್ತೆ ಅನ್ನೋದರದ್ದು. ಇಲ್ಲಿ ತುಂಬಾ ಜನ ಇನ್ನೊಂದು ತುದಿಗೆ ಜಾರ್ತಾರೆ: ‘ಜಾಸ್ತಿ ಬೇಡ’ ಅಂತ ದಿನಾ ಎರಡು ಚಮಚ ನೀರು. ಇದರಿಂದ ಮೇಲಿನ ಅರ್ಧ ಇಂಚು ಯಾವಾಗಲೂ ಒದ್ದೆ, ಕೆಳಗಿನ ಬೇರಿಗೆ ಹನಿಯೂ ಇಲ್ಲ. ಸರಿಯಾದ ಸೂತ್ರ: ಹಾಕಿದಾಗ ಹೊಟ್ಟೆ ತುಂಬಾ, ಆಮೇಲೆ ಪೂರ್ತಿ ಒಣಗೋವರೆಗೆ ಉಪವಾಸ.

ಹಸಿ ನೋಡೋಕೆ ಮೂರು ದಾರಿ

ಕಡ್ಡಿ: ಐಸ್‌ಕ್ರೀಮ್ ಕಡ್ಡಿ ಅಥವಾ ತೆಳ್ಳನೆ ಬಿದಿರು ಕಡ್ಡಿಯನ್ನ ಕುಂಡದ ಅಂಚಿನಲ್ಲಿ ತಳದವರೆಗೂ ಇಳಿಸಿ, ಐದು ನಿಮಿಷ ಬಿಟ್ಟು ತೆಗೀರಿ. ಬಣ್ಣ ಗಾಢವಾಗಿದ್ರೆ, ಮಣ್ಣು ಅಂಟಿಕೊಂಡಿದ್ರೆ, ತುಟಿಗೆ ತಾಗಿಸಿದಾಗ ತಣ್ಣಗನಿಸಿದ್ರೆ ಒಳಗೆ ಹಸಿ ಇದೆ. ಬೆರಳು ಹಾಕಿ ನೋಡೋದು ಸಾಲದು, ಯಾಕಂದ್ರೆ ಬೆರಳು ಮುಟ್ಟೋ ಮೇಲ್ಮೈ ಮೊದಲು ಒಣಗುತ್ತೆ, ತಳ ಕೊನೆಗೆ ಒಣಗುತ್ತೆ.

ತೂಕ: ನೀರು ಹಾಕೋ ಮುಂಚೆ ಕುಂಡವನ್ನ ಅಡುಗೆಮನೆ ತಕ್ಕಡಿಯಲ್ಲಿಟ್ಟು ತೂಕ ಬರೆದಿಡಿ. ನೀರು ಹಾಕಿ, ಪೂರ್ತಿ ಬಸಿದ ಮೇಲೆ ಇನ್ನೊಮ್ಮೆ ತೂಗಿ. ಉದಾಹರಣೆಗೆ ಒಣಗಿದಾಗ 450 ಗ್ರಾಂ, ನೆನೆದಾಗ 620 ಗ್ರಾಂ ಅಂತಿಟ್ಟುಕೊಳ್ಳಿ. ಮತ್ತೆ 450ರ ಹತ್ತಿರ ಬರೋವರೆಗೆ ಕೈ ಕಟ್ಟಿ ಕೂತ್ಕೊಳ್ಳಿ. ಎರಡು-ಮೂರು ಸಲ ಹೀಗೆ ಮಾಡಿದ್ರೆ ತಕ್ಕಡಿ ಬೇಕಾಗಲ್ಲ, ಕೈಯಲ್ಲಿ ಎತ್ತಿದ ತಕ್ಷಣ ಗೊತ್ತಾಗುತ್ತೆ.

ಎಲೆ: ಕೆಳಗಿನ, ಅಂದ್ರೆ ಹಳೇ ಎಲೆಯನ್ನ ಮೆಲ್ಲಗೆ ಒತ್ತಿ ನೋಡಿ. ಗಟ್ಟಿಯಾಗಿದ್ರೆ ಟಾಕಿ ತುಂಬಿದೆ. ಸ್ವಲ್ಪ ಮೆತ್ತಗಾಗಿ, ಸಣ್ಣ ಸುಕ್ಕು ಕಂಡ್ರೆ ಗಿಡ ಶೇಖರಣೆಗೆ ಕೈ ಹಾಕಿದೆ ಅಂತ. ಕಡ್ಡಿಯೂ ಒಣಗಿದೆ, ಎಲೆಯೂ ಮೆತ್ತಗಿದೆ ಅಂದ್ರೆ ನೀರು ಹಾಕೋ ಹೊತ್ತು ಬಂತು.

ಹಾಕೋದು ಹೇಗೆ?

ಸಣ್ಣ ಮೂತಿಯ ಬಾಟಲಿಯಿಂದ ಎಲೆಗಳ ಕೆಳಗೆ, ಮಣ್ಣಿನ ಸುತ್ತಲೂ ನಿಧಾನಕ್ಕೆ ಬಿಡಿ. ನಾಲ್ಕಿಂಚಿನ ಕುಂಡಕ್ಕೆ ಅಂದಾಜು 150ರಿಂದ 200 ಮಿ.ಲೀ. ಹಿಡೀಬಹುದು. ತಳದ ತೂತಿನಿಂದ ನೀರು ಹೊರಬಂದ ಮೇಲೆ ನಿಲ್ಲಿಸಿ. ಹದಿನೈದು ನಿಮಿಷ ಬಿಟ್ಟು ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ. ಇದು ಬರೀ ಗಿಡಕ್ಕಾಗಿ ಅಲ್ಲ. ಡೆಂಗಿ ಹರಡೋ ಈಡಿಸ್ ಸೊಳ್ಳೆಗೆ ಕುಂಡದ ತಟ್ಟೆ ಇಷ್ಟದ ಜಾಗ, ವಾರ-ಹತ್ತು ದಿನ ನೀರು ನಿಂತ್ರೆ ಒಂದು ಸಂತತಿ ಹಾರಿಹೋಗುತ್ತೆ.

ಎಲೆಯ ಹೂವಿನಂಥ ಸುತ್ತಿನ ನಡುವೆ ನೀರು ನಿಂತ್ರೆ ಊದಿ ತೆಗೀರಿ ಅಥವಾ ಟಿಶ್ಯೂ ತುದಿಯಿಂದ ಹೀರಿಸಿ. ಎಲೆ ಮೇಲಿನ ಬೂದಿಯಂಥ ಪದರ ಧೂಳಲ್ಲ, ಗಿಡದ ಮೇಣ. ಬಿಸಿಲಿನಿಂದ ಅದೇ ಕಾಪಾಡೋದು, ಅದಕ್ಕೇ ಒರೆಸಬೇಡಿ. ಸ್ಪ್ರೇ ಬಾಟಲಿ ಬೇಡವೇ ಬೇಡ. ಅದರಿಂದ ಬೇರಿಗೆ ಏನೂ ಸಿಗಲ್ಲ, ಎಲೆ ಮಾತ್ರ ಒದ್ದೆ.

ಬೆಳಿಗ್ಗೆ ಹಾಕೋದು ಒಳ್ಳೇದು. ಕಡು ಬೇಸಿಗೆಯಲ್ಲಿ ಹೊತ್ತು ಮುಳುಗಿ, ಕುಂಡ ತಣ್ಣಗಾದ ಮೇಲೆ ಹಾಕಿ. ಮಧ್ಯಾಹ್ನದ ಬಿಸಿಲಲ್ಲಿ ಕಪ್ಪು ಪ್ಲಾಸ್ಟಿಕ್ ಕುಂಡ ಕೈ ಇಡೋಕೆ ಆಗದಷ್ಟು ಕಾಯುತ್ತೆ. ಆ ಹೊತ್ತಿಗೆ ನೀರು ಹಾಕಿದ್ರೆ ಬೇರು ಬಿಸಿನೀರಲ್ಲಿ ಕೂತ ಹಾಗೆ.

ಕೋಕೋಪೀಟ್ ತುಂಬಿದ ಕುಂಡ ಪೂರ್ತಿ ಒಣಗಿದ್ರೆ ಮೇಲಿಂದ ಹಾಕಿದ ನೀರು ಒಳಗೆ ಇಳಿಯದೆ ಅಂಚಿನಿಂದ ಜಾರಿ ಹೋಗುತ್ತೆ. ತೂತಿನಿಂದ ನೀರು ಬಂತು ಅಂತ ನಾವು ಸುಮ್ಮನಾಗ್ತೀವಿ, ಒಳಗೆ ಬೇರು ಒಣಗಿಯೇ ಇರುತ್ತೆ. ಅಂಥ ಕುಂಡವನ್ನ ಬಕೆಟ್‌ನಲ್ಲಿ ಎರಡಿಂಚು ನೀರಲ್ಲಿ 15-20 ನಿಮಿಷ ಕೂಡಿಸಿ, ಮೇಲ್ಮೈ ಒದ್ದೆ ಆದ ಮೇಲೆ ಎತ್ತಿ ಬಸಿಯಲು ಬಿಡಿ.

ತಳಕ್ಕೆ ಜಲ್ಲಿ ಹಾಕಿದ್ರೆ ಸಾಕಾ?

‘ತಳದಲ್ಲಿ ಒಂದು ಪದರ ಜಲ್ಲಿ ಹಾಕಿ, ನೀರು ಬಸಿಯುತ್ತೆ’ ಅನ್ನೋ ಸಲಹೆ ಎಲ್ಲ ಕಡೆ ಸಿಗುತ್ತೆ. ಪಾತ್ರೆ ತೊಳೆಯೋ ಸ್ಪಾಂಜ್ ತಗೊಂಡು ಇದನ್ನ ಪರೀಕ್ಷೆ ಮಾಡಿ. ಚೆನ್ನಾಗಿ ನೆನೆಸಿ ಅಡ್ಡಕ್ಕೆ ಹಿಡೀರಿ, ನೀರು ಸೋರಿ ನಿಲ್ಲುತ್ತೆ. ಈಗ ಅದನ್ನೇ ಉದ್ದಕ್ಕೆ ನಿಲ್ಲಿಸಿ ಹಿಡೀರಿ, ಮತ್ತಷ್ಟು ನೀರು ಸೋರುತ್ತೆ. ಸ್ಪಾಂಜ್ ಅದೇ, ನೀರೂ ಅದೇ, ಬದಲಾಗಿದ್ದು ಎತ್ತರ ಮಾತ್ರ.

ಸಣ್ಣ ಸಂದುಗಳಿರೋ ಯಾವುದೇ ವಸ್ತು ತನ್ನ ತಳದಲ್ಲಿ ಒಂದಿಷ್ಟು ಎತ್ತರದವರೆಗೆ ನೀರು ಹಿಡಿದೇ ಇಟ್ಟುಕೊಳ್ಳುತ್ತೆ. ಅದನ್ನ ಗುರುತ್ವಕ್ಕೂ ಬಿಟ್ಟುಕೊಡಲ್ಲ. ಕುಂಡದೊಳಗಿನ ಮಣ್ಣೂ ಅಷ್ಟೇ. ಕೆಳಗೆ ಜಲ್ಲಿ ಹಾಕಿದ್ರೆ ಮಣ್ಣಿನ ತಳ ಮೇಲಕ್ಕೆ ಬಂತು, ಆ ಒದ್ದೆ ಪದರವೂ ಅದರ ಜೊತೆ ಮೇಲಕ್ಕೆ ಬಂತು. ಬೇರಿಗೆ ಇನ್ನೂ ಹತ್ತಿರ! ಮೋಟು ಕುಂಡಗಳಲ್ಲಿ ಗಿಡ ಬೇಗ ಕೊಳೆಯೋದಕ್ಕೂ ಇದೇ ಕಾರಣ, ಅಲ್ಲಿ ಮಣ್ಣಿನ ಬಹುಭಾಗ ಒದ್ದೆ ಪದರವೇ.

ಪರಿಹಾರ ಜಲ್ಲಿಯನ್ನ ತಳಕ್ಕೆ ಹಾಕೋದಲ್ಲ, ಮಣ್ಣಿಗೇ ಕಲಸೋದು. ಕಣ ದಪ್ಪ ಆದಷ್ಟೂ ಒದ್ದೆ ಪದರದ ಎತ್ತರ ಕಡಿಮೆ. ನಮ್ಮ ಕಡೆ ಸುಲಭಕ್ಕೆ ಸಿಗೋದರಲ್ಲಿ ಮಾಡೋದಾದ್ರೆ: ಕೆಂಪು ಮಣ್ಣು ಒಂದು ಪಾಲು, ಚೆನ್ನಾಗಿ ಕೊಳೆತು ಜರಡಿ ಹಿಡಿದ ಗೊಬ್ಬರ ಒಂದು ಪಾಲು, ತೊಳೆದ ದಪ್ಪ ಮರಳು ಮತ್ತು ಕಡಲೆಕಾಳು ಗಾತ್ರದ ಇಟ್ಟಂಗಿ ಚೂರು ಎರಡೂ ಸೇರಿ ಎರಡು ಪಾಲು. ಇಟ್ಟಂಗಿ ಪುಡಿ ಜರಡಿ ಹಿಡಿದು ಎಸೀರಿ, ಅದು ಸಂದು ಮುಚ್ಚುತ್ತೆ. ನಗರದಲ್ಲಿದ್ರೆ ಪರ್ಲೈಟ್ ಅಥವಾ ಪ್ಯೂಮಿಸ್ ಸಿಗುತ್ತೆ. ಎರಿ ಮಣ್ಣನ್ನ ಮಾತ್ರ ಕುಂಡಕ್ಕೆ ತುಂಬಬೇಡಿ. ಜೋಳಕ್ಕೆ ವರವಾದ ಗುಣವೇ ಇಲ್ಲಿ ಶಾಪ.

ಕುಂಡಕ್ಕೆ ತೂತು ಇರಲೇಬೇಕು. ಗಿಫ್ಟ್ ಆಗಿ ಬರೋ ಪಿಂಗಾಣಿ ಬಟ್ಟಲುಗಳಿಗೆ ಎಷ್ಟೋ ಸಲ ತೂತೇ ಇರಲ್ಲ. ಗಿಡವನ್ನ ತೂತಿರೋ ಸಣ್ಣ ಪ್ಲಾಸ್ಟಿಕ್ ಕುಂಡದಲ್ಲೇ ಬಿಟ್ಟು, ಬಟ್ಟಲನ್ನ ಹೊರಗವಚದ ಹಾಗೆ ಬಳಸಿ. ನೀರು ಹಾಕುವಾಗ ಹೊರಗೆ ತೆಗೀರಿ.

ಯಾವ ನೀರು? ಸವಳು-ಜವಳು ಕಲಿಸಿದ್ದು

ಜಮಖಂಡಿ, ಮುಧೋಳ, ಬನಹಟ್ಟಿ ಭಾಗಕ್ಕೆ ನೀರಿನ ಬೆಲೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ಹಣ ಕೂಡಿಸಿ, ತಾವೇ ದುಡಿದು ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದ ನೆಲ ಇದು. ಕೃಷ್ಣೆ, ಘಟಪ್ರಭೆಯ ನೀರು ಹೊಲಕ್ಕೆ ಬಂತು, ಜೋಳದ ಜಾಗಕ್ಕೆ ಕಬ್ಬು ಬಂತು, ಕೈಯಲ್ಲಿ ನಾಲ್ಕು ಕಾಸು ಆಡಿತು.

ಅದೇ ನೀರು ಇನ್ನೊಂದು ಮುಖವನ್ನೂ ತೋರಿಸಿತು. ನೀರು ಹಿಡಿದಿಟ್ಟುಕೊಳ್ಳೋ ಎರಿ ಮಣ್ಣಿಗೆ ಹರಿ ನೀರು ಬಿಡ್ತಾ ಹೋದಾಗ, ಬಸಿಯೋಕೆ ದಾರಿ ಇಲ್ಲದ ಕಡೆ ಅಡಿನೀರು ಮೇಲಕ್ಕೆ ಬಂತು. ಬಿಸಿಲಿಗೆ ನೀರು ಆವಿಯಾಯ್ತು, ಅದರಲ್ಲಿದ್ದ ಉಪ್ಪು ಮೇಲೆಯೇ ಕೂತಿತು. ಬೆಳ್ಳಗೆ ಉಪ್ಪೇರಿದ ನೆಲ ಸವಳು, ಸದಾ ತೇವ ಹಿಡಿದ ನೆಲ ಜವಳು. ಒಂದು ಕಾಲಕ್ಕೆ ಚೀಲ ಚೀಲ ಜೋಳ ಕೊಟ್ಟ ಹೊಲ ಬರೀ ಜಾಲಿಗೆ ಬಿಟ್ಟುಕೊಡೋ ಹಾಗಾಗೋದು ಒಂದು ಮನೆತನಕ್ಕೆ ಸಣ್ಣ ಪೆಟ್ಟಲ್ಲ. ಅದನ್ನ ಸರಿ ಮಾಡೋಕೆ ನೆಲದೊಳಗೆ ತೂತಿನ ಪೈಪ್ ಹೂತು ಬಸಿಗಾಲುವೆ ಮಾಡಬೇಕು, ಒಳ್ಳೆ ನೀರಿನಿಂದ ಉಪ್ಪು ತೊಳೆದು ಹೊರಗೆ ಹಾಕಬೇಕು, ಮುಂದೆ ಹನಿ ನೀರಾವರಿಗೆ ಬರಬೇಕು. ವರ್ಷಗಳ ಕೆಲಸ, ಖರ್ಚೂ ದೊಡ್ಡದು.

ಕುಂಡದಲ್ಲಿ ನಡೆಯೋದು ಇದರದೇ ಚಿಕ್ಕ ರೂಪ. ಲೆಕ್ಕ ಹಾಕಿ ನೋಡಿ. ಬೋರ್‌ವೆಲ್ ನೀರಿನ ಟಿಡಿಎಸ್ 1000 ಇದೆ ಅಂದ್ರೆ ಒಂದು ಲೀಟರಿಗೆ ಒಂದು ಗ್ರಾಂ ಲವಣ. ಒಂದು ಸಲಕ್ಕೆ 200 ಮಿ.ಲೀ. ಅಂದ್ರೆ 0.2 ಗ್ರಾಂ. ವರ್ಷಕ್ಕೆ ಮೂವತ್ತು ಸಲ ಹಾಕಿದ್ರೆ 6 ಗ್ರಾಂ, ಒಂದು ಚಹಾ ಚಮಚದಷ್ಟು ಉಪ್ಪು, ಅರ್ಧ ಕೆಜಿ ಮಣ್ಣಿಗೆ! ಗಿಡ ಅದರಲ್ಲಿ ಬಳಸಿಕೊಳ್ಳೋದು ಸ್ವಲ್ಪ. ಉಳಿದದ್ದು ತೂತಿನಿಂದ ಹೊರಗೆ ಹೋಗಬೇಕು, ಇಲ್ಲಾ ಒಳಗೇ ಕೂರಬೇಕು. ಮಣ್ಣಿನ ಕುಂಡದ ಹೊರಮೈ ಮೇಲೆ ಬಿಳಿ ಪಟ್ಟೆ, ಮಣ್ಣಿನ ಮೇಲೆ ಬಿಳಿ ಚಕ್ಕೆ, ಎಲೆಯ ತುದಿ ಕಂದು – ಇವು ಕುಂಡದ ಸವಳು.

ಹೊಲಕ್ಕೆ ಬೇಕಾದದ್ದೇ ಕುಂಡಕ್ಕೂ ಬೇಕು, ಆದ್ರೆ ಇಲ್ಲಿ ಅರ್ಧ ಗಂಟೆಯ ಕೆಲಸ. ಎರಡು-ಮೂರು ತಿಂಗಳಿಗೊಮ್ಮೆ, ಹೇಗೂ ನೀರು ಹಾಕೋ ದಿನವೇ, ಕುಂಡದ ಎರಡರಷ್ಟು ನೀರನ್ನ ನಿಧಾನಕ್ಕೆ ಹರಿಸಿ ಪೂರ್ತಿ ಬಸಿಯಲು ಬಿಡಿ. ಮಳೆನೀರಾದ್ರೆ ಎಲ್ಲಕ್ಕಿಂತ ಒಳ್ಳೇದು, ಒಂದು ಬಕೆಟ್ ಹಿಡಿದು ಮುಚ್ಚಿಟ್ಟುಕೊಳ್ಳಿ. ಎಸಿಯಿಂದ ತೊಟ್ಟಿಕ್ಕೋ ನೀರಲ್ಲಿ ಲವಣ ಕಡಿಮೆ, ಅದನ್ನೂ ಬಳಸಬಹುದು. ಆರ್‌ಒ ಯಂತ್ರ ಹೊರಗೆ ಬಿಡೋ ನೀರು ಮಾತ್ರ ಬೇಡ. ಕುಡಿಯೋ ನೀರಿನಿಂದ ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತೆ. ‘ನೀರು ಉಳಿಸೋಣ’ ಅನ್ನೋ ಒಳ್ಳೇ ಮನಸ್ಸಿನಿಂದ ಅದನ್ನ ಕುಂಡಕ್ಕೆ ಹಾಕೋ ಬದಲು ನೆಲ ಒರೆಸೋಕೆ, ಬಚ್ಚಲಿಗೆ ಬಳಸಿ.

ಚಿಮ್ಮಡದ ಲೆಕ್ಕ, ಬೆಂಗಳೂರಿನ ಲೆಕ್ಕ

ದಿನಗಳ ಲೆಕ್ಕ ಕೊಟ್ರೆ ಮತ್ತೆ ಚೀಟಿಯ ಕಥೆಯೇ ಆಗುತ್ತೆ. ಆದ್ರೂ ಹಸಿ ನೋಡೋದನ್ನ ಯಾವಾಗ ಶುರು ಮಾಡಬೇಕು ಅನ್ನೋದಕ್ಕೆ ಒಂದು ಅಂದಾಜು ಇರಲಿ.

ಮಾರ್ಚ್‌ನಿಂದ ಮೇವರೆಗೆ ಚಿಮ್ಮಡದಂಥ ಊರಲ್ಲಿ ಗಾಳಿ ಒಣ, ಕುಂಡ ನಾಲ್ಕೈದು ದಿನಕ್ಕೇ ಒಣಗಬಹುದು. ಆದ್ರೆ ಎಚೆವೇರಿಯಾ, ಹವೋರ್ಥಿಯಾ ಮಲಗಿರೋ ಕಾಲ. ಮಧ್ಯಾಹ್ನದ ಬಿಸಿಲು ತಾಗದ ಹಾಗೆ ಪಡಸಾಲೆಗೆ ಅಥವಾ ಹಸಿರು ನೆಟ್ ಕೆಳಗೆ ಸರಿಸಿ, ಒಣಗಿದ ಮೇಲೂ ಎರಡು-ಮೂರು ದಿನ ತಡೆದು, ಸಂಜೆ ನೀರು ಕೊಡಿ. ಬೆಂಗಳೂರಿನ ಬಾಲ್ಕನಿಯಲ್ಲಿ ಇದೇ ಕಾಲದಲ್ಲಿ ಏಳೆಂಟು ದಿನಕ್ಕೊಮ್ಮೆ ಹಸಿ ನೋಡಿದ್ರೆ ಸಾಕು.

ಮಳೆಗಾಲದಲ್ಲಿ ಎರಡೂ ಕಡೆ ಎಚ್ಚರ. ಬೆಂಗಳೂರಲ್ಲಿ ದಿನಗಟ್ಟಲೆ ಮೋಡ, ತೇವದ ಗಾಳಿ. ಮೂರು ವಾರ ನೀರೇ ಬೇಕಾಗದೆ ಇರಬಹುದು. ಚಿಮ್ಮಡದಲ್ಲಿ ಜೂನ್-ಜುಲೈ ಮೋಡ ಇದ್ರೂ ಜೋರು ಗಾಳಿ ಇರುತ್ತೆ, ಕುಂಡ ಒಣಗುತ್ತೆ. ಸೆಪ್ಟೆಂಬರ್ ಮಳೆಗೆ ಮಾತ್ರ ಕುಂಡಗಳನ್ನ ಸೂರಿನ ಕೆಳಗೆ ಎತ್ತಿಡಿ. ಒಂದು ಮಳೆಯಲ್ಲಿ ನೆನೆದ್ರೆ ಏನೂ ಆಗಲ್ಲ, ನಾಲ್ಕು ದಿನ ಬಿಡದೆ ನೆನೆದ್ರೆ ಕಷ್ಟ.

ನವೆಂಬರ್‌ನಿಂದ ಫೆಬ್ರವರಿ ಒಳ್ಳೇ ಕಾಲ. ಬಿಸಿಲು ಹದ, ರಾತ್ರಿ ತಂಪು. ಬಹುಪಾಲು ಸಕ್ಯುಲೆಂಟ್ ಈಗಲೇ ಚೆನ್ನಾಗಿ ಬೆಳೆಯೋದು, ಬಣ್ಣ ಕಟ್ಟೋದು. ಹತ್ತು-ಹನ್ನೆರಡು ದಿನಕ್ಕೊಮ್ಮೆ ಕಡ್ಡಿ ಇಳಿಸಿ ನೋಡಿ. ಮಣ್ಣು ಬದಲಿಸೋಕೂ ಇದೇ ಸಮಯ.

ಎಲ್ಲ ಗಿಡಕ್ಕೂ ಒಂದೇ ನಿಯಮ ಇಲ್ಲ. ಅಡೇನಿಯಂ ಸೆಕೆ ಬಂದಾಗ ಬೆಳೆಯೋ ಗಿಡ. ಬೇಸಿಗೆಯಲ್ಲಿ ಧಾರಾಳ ನೀರು ಕುಡಿಯುತ್ತೆ, ಚಳಿಗೆ ಎಲೆ ಉದುರಿಸಿದಾಗ ನೀರು ಬಹುತೇಕ ನಿಲ್ಲಿಸಬೇಕು. ಸ್ನೇಕ್ ಪ್ಲಾಂಟ್, ಅದರಲ್ಲೂ ಕೋಣೆಯೊಳಗಿನದು, ತಿಂಗಳಿಗೊಮ್ಮೆ ಸಿಕ್ಕರೂ ದೂರು ಹೇಳಲ್ಲ. ಜೇಡ್ ಎಲೆ ಸುಕ್ಕಾಗೋವರೆಗೆ ಕಾಯಬಹುದು. ನಮ್ಮ ಹಿತ್ತಲಿನ ಲೋಳೆಸರ, ಬೇಲಿಯ ಕಳ್ಳಿ, ಮಂಗರಬಳ್ಳಿ ಇವೆಲ್ಲ ಯಾರೂ ನೀರು ಹಾಕದೆ ಬೆಳೆದವು. ಹೊಸಬರಿಗೆ ಹೇಳೋದಾದ್ರೆ, ಮೊದಲ ಗಿಡವಾಗಿ ದುಡ್ಡು ಕೊಟ್ಟು ಎಚೆವೇರಿಯಾ ತರೋ ಮುಂಚೆ ಊರಿಂದ ಒಂದು ಲೋಳೆಸರದ ಮರಿ ತನ್ನಿ. ಕಳ್ಳಿ ಮುರಿಯುವಾಗ ಮಾತ್ರ ಜೋಪಾನ, ಅದರ ಹಾಲು ಕಣ್ಣಿಗೆ ಬಿದ್ರೆ ಅಪಾಯ.

ಸುಕ್ಕಿನ ಎರಡು ಅರ್ಥ

ಇದೊಂದು ಗೊತ್ತಿದ್ರೆ ಅರ್ಧ ಗಿಡ ಉಳಿದಂಗೆ. ಎಲೆ ಸುಕ್ಕಾಗಿದೆ, ಮಣ್ಣೂ ಒಣಗಿದೆ ಅಂದ್ರೆ ಬಾಯಾರಿಕೆ, ನೀರು ಹಾಕಿ. ಎರಡು-ಮೂರು ದಿನದಲ್ಲಿ ಎಲೆ ತುಂಬಿಕೊಳ್ಳುತ್ತೆ. ಎಲೆ ಸುಕ್ಕಾಗಿದೆ, ಆದ್ರೆ ಮಣ್ಣು ಹಸಿ ಇದೆ ಅಂದ್ರೆ ಬೇರು ಕೊಳೆತಿದೆ. ಸುತ್ತ ನೀರಿದ್ರೂ ಕುಡಿಯೋ ಬಾಯಿ ಇಲ್ಲ. ಇಲ್ಲಿ ಇನ್ನೊಂದು ಲೋಟ ಹಾಕಿದ್ರೆ ಕಥೆ ಮುಗೀತು.

ಅತಿ ನೀರಿನ ಬೇರೆ ಗುರುತುಗಳು: ಎಲೆ ಹಳದಿಯಾಗಿ ಗಾಜಿನ ಹಾಗೆ ಪಾರದರ್ಶಕ ಆಗೋದು, ಮುಟ್ಟಿದ ಕೂಡ್ಲೇ ಕಳಚಿ ಬೀಳೋದು, ಕಾಂಡದ ಬುಡ ಕಪ್ಪಗೆ ಮೆತ್ತಗಾಗೋದು. ಹಾಗಂತ ಅಡಿಯ ಒಂದೆರಡು ಎಲೆ ಕಾಗದದ ಹಾಗೆ ಒಣಗಿದ್ರೆ ಗಾಬರಿ ಬೇಡ. ವಯಸ್ಸಾದ ಎಲೆಯ ನೀರನ್ನ ಗಿಡವೇ ಹೊಸ ಎಲೆಗೆ ಸಾಗಿಸಿಕೊಂಡಿರುತ್ತೆ.

ಕೊಳೆತ ಅಂತ ಖಾತ್ರಿಯಾದ್ರೆ ಗಿಡ ಹೊರತೆಗೆದು ಮಣ್ಣು ಉದುರಿಸಿ. ಕಪ್ಪಾದ ಬೇರು, ಕಾಂಡವನ್ನ ಶುಭ್ರವಾದ ಬ್ಲೇಡ್‌ನಿಂದ ಕತ್ತರಿಸಿ, ಒಳಗಿನ ತಿರುಳು ಪೂರ್ತಿ ಹಸಿರು-ಬಿಳಿ ಕಾಣೋವರೆಗೂ. ನೆರಳಲ್ಲಿ ನಾಲ್ಕೈದು ದಿನ ಒಣಗಲು ಬಿಡಿ, ಗಾಯಕ್ಕೆ ಹೆಪ್ಪು ಕಟ್ಟಬೇಕು. ಆಮೇಲೆ ಒಣ ಮಣ್ಣಲ್ಲಿ ಊರಿ, ಒಂದು ವಾರ ನೀರು ತೋರಿಸಬೇಡಿ. ಕಾಂಡ ಪೂರ್ತಿ ಹೋಗಿದ್ರೂ ಎಚೆವೇರಿಯಾ, ಜೇಡ್‌ಗಳ ಗಟ್ಟಿ ಎಲೆಯನ್ನ ಮಣ್ಣಿನ ಮೇಲೆ ಮಲಗಿಸಿಟ್ರೆ ಕೆಲವು ವಾರಕ್ಕೆ ಮರಿ ಬರೋ ಸಾಧ್ಯತೆ ಇದೆ.

ಊರಿಗೆ ಹೋಗುವಾಗ

ದೀಪಾವಳಿಗೋ ಜಾತ್ರೆಗೋ ಹತ್ತು ದಿನ ರಜೆ ಹಾಕಿ ಊರಿಗೆ ಹೊರಟ್ರೆ, ಹೋಗೋ ಮುಂಚೆ ‘ಇರಲಿ’ ಅಂತ ಹೆಚ್ಚಿಗೆ ನೀರು ಹಾಕಬೇಡಿ. ರೂಮ್‌ಮೇಟ್‌ಗೆ, ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು ಗಿಡ ನೋಡ್ಕೊಳ್ಳಿ ಅಂತಲೂ ಹೇಳಬೇಡಿ. ಅವರು ಕಾಳಜಿಯಿಂದ ದಿನಾ ನೀರು ಹಾಕ್ತಾರೆ. ಎರಡು-ಮೂರು ವಾರ ಈ ಗಿಡ ತನ್ನ ಟಾಕಿಯಲ್ಲೇ ಬದುಕುತ್ತೆ. ನೇರ ಬಿಸಿಲಿಂದ ಸ್ವಲ್ಪ ಒಳಗೆ ಸರಿಸಿ ಹೊರಡಿ, ಅಷ್ಟೇ.

ಅಪಾರ್ಟ್‌ಮೆಂಟ್‌ನಲ್ಲಿ ಬೆಳೆದ ಗಿಡವನ್ನ ಊರಿಗೆ ಒಯ್ದು ಅವ್ವ-ಅಪ್ಪನಿಗೆ ಕೊಡೋರು ಇನ್ನೊಂದು ನೆನಪಿಡಿ. ಕಿಟಕಿ ಬೆಳಕಿಗೆ ಒಗ್ಗಿದ ಎಲೆ ಚಿಮ್ಮಡದ ಅಂಗಳದ ಬಿಸಿಲಿಗೆ ಒಂದೇ ದಿನದಲ್ಲಿ ಸುಟ್ಟು ಕಂದು ಕಲೆ ಬೀಳುತ್ತೆ, ಆ ಕಲೆ ಮತ್ತೆ ಹೋಗಲ್ಲ. ಮೊದಲ ವಾರ ನೆರಳು, ಆಮೇಲೆ ಬೆಳಗಿನ ಒಂದು ಗಂಟೆ ಬಿಸಿಲು, ಹೀಗೆ ಎರಡು-ಮೂರು ವಾರದಲ್ಲಿ ಒಗ್ಗಿಸಬೇಕು.

ನೀರಿನ ವಿಷಯವನ್ನ ಮನೆಯವರಿಗೆ ಉದ್ದಕ್ಕೆ ವಿವರಿಸೋದು ಬೇಕಿಲ್ಲ. ತುಳಸಿಗೆ ದಿನಾ ನೀರು ಹಾಕೋ ಕೈ ಇದಕ್ಕೂ ಹಾಕೋದು ಸಹಜ, ಹಾಗಾಗಿ ಕುಂಡವನ್ನ ತುಳಸಿಕಟ್ಟೆಯಿಂದ ದೂರ ಇಡಿ. ಹೊಲ ಮಾಡಿದ ಅಪ್ಪನಿಗಾದ್ರೆ ಒಂದು ಮಾತು ಸಾಕು: ‘ಹಸಿ ನೋಡಿ ನೀರ ಹಾಕ್ರಿ.’ ಉಳಿದದ್ದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.